ಗಣಕದ ಪಾಠಶೋಧನೆ: ಕಟ್ಟಡಲೆಕ್ಕದ ಇನ್‌ಪುಟ್ ಫೈಲುಗಳನ್ನು ಕುರಿತು ಒಂದು ವಿಮರ್ಶೆ

1

ಹಳೆಯ ಗ್ರಂಥಗಳ ಪಾಠವನ್ನು ಶುದ್ಧಗೊಳಿಸುವ ಕಾರ್ಯಕ್ಕೆ ಒಂದು ಶಾಸ್ತ್ರವುಂಟು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ 1964ರಲ್ಲಿ ಪ್ರಕಟವಾದಂದಿನಿಂದ ನಮ್ಮ ವಿದ್ಯಾರ್ಥಿಗಳಿಗೆ ಆ ಶಾಸ್ತ್ರವನ್ನು ಕನ್ನಡದಲ್ಲಿಯೇ ಅಭ್ಯಾಸಮಾಡುವ ಅನುಕೂಲ ದೊರೆತಿದೆ. ಅದೇ ವರ್ಷ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯಿಂದ ‘ಸ್ಟ್ರೆಸ್’ ಎಂಬ ಗಣಕಭಾಷೆಯ ಕೈಪಿಡಿ ಹೊರಬಂದಿತು. ಸ್ಟೀವನ್ ಫೆನ್ವೆಸ್ ಮತ್ತು ಅವರ ಸಂಗಡಿಗರು ರಚಿಸಿದ ಈ ಭಾಷೆಯಲ್ಲಿ ಎಂಜಿನಿಯರನು ತನ್ನ ಕಟ್ಟಡದ ವರ್ಣನೆಯನ್ನು ಸಾಲುಸಾಲಾಗಿ ಬರೆದು ಯಂತ್ರಕ್ಕೆ ಒಪ್ಪಿಸಬಹುದಾಗಿತ್ತು. ಅದೇ 1964ರಲ್ಲಿ ನಮ್ಮ ಸಾಗರ ಸೀಮೆಯಲ್ಲಿ ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು.

ಈ ಮೂರೂ ಒಂದೇ ವರ್ಷದಲ್ಲಿ ಸಂಭವಿಸಿದ್ದು ಕೇವಲ ಆಕಸ್ಮಿಕ. ಆದರೆ ಆರು ದಶಕಗಳು ಸಂದ ಮೇಲೆ ಇವು ಮೂರೂ ಒಂದೆಡೆ ಸಂಧಿಸುತ್ತಿರುವುದು ಆಕಸ್ಮಿಕವಲ್ಲ. ಹಳೆಯ ಕಟ್ಟಡಗಳ ಭದ್ರತೆಯನ್ನು ಇಂದು ಗಣಕದಲ್ಲಿ ಪರೀಕ್ಷಿಸುತ್ತಾರೆ. ಆ ಪರೀಕ್ಷೆಗೆ ಆಧಾರವಾಗುವುದು ಒಂದು ಲಿಖಿತ ಪಾಠ. ರೂಢಿಯ ಮಾತಿನಲ್ಲಿ ಹೇಳುವುದಾದರೆ ಇನ್‌ಪುಟ್ ಫೈಲು. ಪಾಠವೆಂದ ಮೇಲೆ ಅದಕ್ಕೆ ಲಿಪಿಕಾರನ ದೋಷ, ಲೋಪ, ಪ್ರಕ್ಷೇಪಗಳು ತಪ್ಪಿದ್ದಲ್ಲ. ಇಂತಹ ಕೆಟ್ಟ ಫೈಲುಗಳನ್ನು ಸರಿಪಡಿಸುವ ಈಗಿನ ಪದ್ಧತಿಯನ್ನು ಪಾಠಶೋಧನೆಯ ದೃಷ್ಟಿಯಿಂದ ವಿಮರ್ಶಿಸುವುದು ಈ ಪ್ರಬಂಧದ ಉದ್ದೇಶ.

ಇತಿಹಾಸದ ಅಧ್ಯಾಪಕನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ಓದುಗರು ಕೇಳಬಹುದು. ತೊಲೆಯ ದಪ್ಪವೆಷ್ಟಿರಬೇಕೆಂದು ಹೇಳುವ ಅಧಿಕಾರ ಅವನಿಗಿಲ್ಲ. ಆದರೆ ಒಂದು ಬರಹವನ್ನು ಯಾವಾಗ ನಂಬಬೇಕು, ಯಾವಾಗ ನಂಬಬಾರದು, ತಿದ್ದಿದರೆ ಹೇಗೆ ತಿದ್ದಬೇಕು ಎಂಬ ಪ್ರಶ್ನೆ ಅವನ ಶಾಸ್ತ್ರಕ್ಕೆ ಸೇರಿದ್ದು. ಹೆಗ್ಗೋಡಿನ ಪರಿಸರದಲ್ಲಿ ಇಂತಹ ಸೀಮೋಲ್ಲಂಘನ ಹೊಸತೂ ಅಲ್ಲ. 1949ರಲ್ಲಿ ಅಲ್ಲಿ ಹುಟ್ಟಿದ ನೀನಾಸಂ ಸಂಸ್ಥೆಯು ನಡೆಸಿಕೊಂಡು ಬಂದ ಸಂಸ್ಕೃತಿ ಶಿಬಿರಗಳಲ್ಲಿ ಒಂದು ವಿದ್ಯೆಯವರು ಇನ್ನೊಂದು ವಿದ್ಯೆಯವರನ್ನು ಪ್ರಶ್ನಿಸುವುದು ಸಾಮಾನ್ಯ ಶಿಷ್ಟಾಚಾರವೇ ಆಗಿದೆ.

2

ಮೊದಲು ಈ ಪಾಠದ ಸ್ವರೂಪವನ್ನು ತಿಳಿಯಬೇಕು. ಕಟ್ಟಡಲೆಕ್ಕದ ತಂತ್ರಾಂಶಗಳಲ್ಲಿ ನಮ್ಮ ದೇಶದ ಎಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಕಚೇರಿಗಳಲ್ಲಿಯೂ ಹೆಚ್ಚು ಬಳಕೆಯಲ್ಲಿರುವವುಗಳೆಂದರೆ ಸ್ಟ್ಯಾಡ್, ಇಟ್ಯಾಬ್ಸ್, ಸ್ಯಾಪ್ ಮೊದಲಾದವು. ಇವುಗಳಲ್ಲಿ ಸ್ಟ್ಯಾಡ್ ತಂತ್ರಾಂಶದ ಫೈಲು ಯಾರು ಬೇಕಾದರೂ ತೆರೆದು ಓದಬಹುದಾದ ಸಾದಾ ಬರಹ. ಅದು ಸ್ಟ್ಯಾಡ್ ಎಂಬ ಪದದಿಂದಲೇ ಆರಂಭವಾಗಬೇಕು. ಅನಂತರ ಅಳತೆಯ ಏಕಮಾನ, ಸಂಧಿಗಳ ಸ್ಥಾನ, ಯಾವ ಸಂಧಿಯಿಂದ ಯಾವ ಸಂಧಿಗೆ ಯಾವ ಅಂಗ ಹೋಗುತ್ತದೆಂಬ ಪಟ್ಟಿ, ಅಂಗಗಳ ಗಾತ್ರ, ವಸ್ತುವಿನ ಗುಣ, ಆಧಾರಗಳು, ಭಾರಗಳು, ಕೊನೆಗೆ ಲೆಕ್ಕಮಾಡೆಂಬ ಆಜ್ಞೆ, ಅದರ ಮೇಲೆ ಸಮಾಪ್ತಿಸೂಚಕವಾದ ಫಿನಿಶ್ ಎಂಬ ಪದ. ನಕ್ಷತ್ರಚಿಹ್ನೆಯಿಂದ ಆರಂಭವಾಗುವ ಸಾಲು ಟಿಪ್ಪಣಿ ಮಾತ್ರ. ಯಂತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ದಾನಶಾಸನಗಳ ರಚನೆಯನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು. ಮಂಗಳಶ್ಲೋಕ, ರಾಜವಂಶ, ಕಾಲನಿರ್ದೇಶ, ದಾನದ ಭೂಮಿ, ಅದರ ಎಲ್ಲೆಗಳು, ಸಾಕ್ಷಿಗಳು, ಶಾಪಾಶಯ ಎಂಬ ನಿಯತವಾದ ಅಂಗಗಳು ಅಲ್ಲಿಯೂ ಉಂಟು. ಅಂಗಗಳು ನಿಯತವಾಗಿರುವುದರಿಂದಲೇ ಯಾವುದು ಲುಪ್ತವಾಗಿದೆ, ಯಾವುದು ಸ್ಥಾನಪಲ್ಲಟಗೊಂಡಿದೆ ಎಂಬುದನ್ನು ಗುರುತಿಸಲು ಸಾಧ್ಯವಾಗುತ್ತದೆ.

ಇಂತಹ ಫೈಲುಗಳಲ್ಲಿ ಕಂಡುಬರುವ ದೋಷಗಳನ್ನು ಮೂರು ವರ್ಗಗಳಾಗಿ ವಿಭಾಗಿಸಬಹುದು. ಒಂದು, ಫಲಕದ ದೋಷ. ಬರಹವಿರುವ ವಸ್ತುವೇ ಕೆಟ್ಟಿರುವುದು. ಎರಡು, ಅಕ್ಷರದ ದೋಷ. ಮೂರು, ಅರ್ಥದ ದೋಷ. ಮೊದಲೆರಡು ಮೇಲುನೋಟಕ್ಕೆ ಭಯಂಕರವಾಗಿ ಕಾಣುತ್ತವೆ. ನಿಜವಾದ ಅಪಾಯವಿರುವುದು ಮೂರನೆಯದರಲ್ಲಿ.

3

ಫಲಕದ ದೋಷವೆಂದರೆ ಫೈಲು ಅರ್ಧದಲ್ಲಿ ತುಂಡಾಗಿರುವುದು, ಅಥವಾ ಹೆಸರು ಮಾತ್ರ ಉಳಿದು ಒಳಗೆ ಏನೂ ಇಲ್ಲದಿರುವುದು. ಉಳಿಸುವ ಸಮಯದಲ್ಲಿ ವಿದ್ಯುತ್ತು ಹೋದರೆ, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವಾಗ ಸಂಪರ್ಕ ಕಡಿದರೆ ಹೀಗಾಗುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ವಿದ್ಯುತ್ತಿನ ಗತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾದಾ ಬರಹದ ಫೈಲಾದರೆ ಉಳಿದ ಭಾಗವನ್ನಾದರೂ ಓದಬಹುದು. ಕೊನೆಯ ಸಮಾಪ್ತಿಸೂಚಕ ಪದ ಇಲ್ಲದಿರುವುದೇ ತುಂಡಾದುದರ ಗುರುತು. ಇಟ್ಯಾಬ್ಸ್, ಸ್ಯಾಪ್‌ಗಳ ಮುಖ್ಯ ಫೈಲು ಯಂತ್ರಕ್ಕೆ ಮಾತ್ರ ತಿಳಿಯುವ ರೂಪದಲ್ಲಿರುವುದರಿಂದ ಅದರಲ್ಲಿ ಸ್ವಲ್ಪ ಭಾಗ ಕೆಟ್ಟರೂ ಇಡೀ ಫೈಲು ತೆರೆಯದಿರಬಹುದು. ಆದರೆ ಈ ತಂತ್ರಾಂಶಗಳು ಪ್ರತಿಸಲ ಉಳಿಸುವಾಗಲೂ ಪಕ್ಕದಲ್ಲಿಯೇ ಒಂದು ಸಾದಾ ಬರಹದ ಪ್ರತಿಯನ್ನು ಬರೆದಿಡುತ್ತವೆ. ಅದರ ಹೆಸರಿನ ಕೊನೆಯ ಭಾಗ ಡಾಲರ್ ಚಿಹ್ನೆಯಿಂದ ಆರಂಭವಾಗುತ್ತದೆ. ಮುಖ್ಯ ಫೈಲು ನಷ್ಟವಾದಾಗ ಈ ಪ್ರತಿಯ ನಕಲೊಂದನ್ನು ಬೇರೆ ಹೆಸರಿನಲ್ಲಿ ಮಾಡಿಕೊಂಡು ತಂತ್ರಾಂಶದೊಳಕ್ಕೆ ಆಮದುಮಾಡಿದರೆ ಕಟ್ಟಡದ ವರ್ಣನೆ ಬಹುಮಟ್ಟಿಗೆ ಮರಳಿ ದೊರೆಯುತ್ತದೆ. ಮೂಲ ಓಲೆ ಗೆದ್ದಲಿಗೆ ಆಹುತಿಯಾದರೂ ಪ್ರತಿ ಉಳಿದಿದ್ದರೆ ಕಾವ್ಯ ಉಳಿಯುವಂತೆ ಇದು.

ಅಕ್ಷರದ ದೋಷಗಳು ಇನ್ನೂ ಸ್ವಾರಸ್ಯಕರ. ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ, ಒಂದರ ಬದಲು ಎಲ್ ಅಕ್ಷರ, ದಶಮಾಂಶದ ಚುಕ್ಕೆಯ ಬದಲು ಅಲ್ಪವಿರಾಮ. ಇವು ಲಿಪಿಸಾಮ್ಯದಿಂದ ಹುಟ್ಟುವ ದೋಷಗಳು. ಸಾಲುಗಳನ್ನು ಪತ್ರ ಬರೆಯುವ ತಂತ್ರಾಂಶದಿಂದ ಎತ್ತಿ ತಂದಾಗ ಋಣಚಿಹ್ನೆಯ ಗಿಡ್ಡ ಗೆರೆ ಉದ್ದನೆಯ ಗೆರೆಯಾಗಿ ಮಾರ್ಪಟ್ಟಿರಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆಬೇರೆ. ಕೆಲವು ಬರಹ ತಂತ್ರಾಂಶಗಳು ಫೈಲಿನ ಮೊದಲ ಅಕ್ಷರಕ್ಕೂ ಮೊದಲು ಕಣ್ಣಿಗೆ ಕಾಣದ ಒಂದು ಗುರುತನ್ನು ಇಡುತ್ತವೆ. ಮೊದಲ ಪದವನ್ನೇ ನಿರೀಕ್ಷಿಸುವ ಯಂತ್ರ ಆ ಗುರುತನ್ನು ಕಂಡು ಇಡೀ ಫೈಲನ್ನು ತಿರಸ್ಕರಿಸಬಹುದು. ಓದುವವನಿಗಾದರೋ ಮೊದಲ ಸಾಲು ನಿರ್ದುಷ್ಟವಾಗಿ ಕಾಣುತ್ತದೆ.

ಕನ್ನಡಿಗರಿಗೆ ಈ ವರ್ಗದ ದೋಷದ ಅನುಭವ ಬೇರೆಯವರಿಗಿಂತ ಹೆಚ್ಚು. ಯುನಿಕೋಡ್ ಸಂಕೇತಕ್ರಮದ ಮೊದಲ ಆವೃತ್ತಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ಕಲ್ಪಿಸಿದ್ದರೂ ಬಹುಕಾಲ ನಮ್ಮ ಕಚೇರಿಗಳ ಬರಹ ನಡೆದದ್ದು ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ. ಅವುಗಳಲ್ಲಿ ಸಂಗ್ರಹವಾಗಿದ್ದುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳೇ; ಅವುಗಳಿಗೆ ಕನ್ನಡದ ಆಕಾರ ತೊಡಿಸುತ್ತಿದ್ದುದು ಅಕ್ಷರವಿನ್ಯಾಸ. ಅದು ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ರಾಶಿ ಕೆಟ್ಟ ಬರಹವಲ್ಲ, ಬೇರೆ ಕೀಲಿಯಿಂದ ಓದಬೇಕಾದ ಬರಹ. ಅದನ್ನು ಕೆಟ್ಟಿತೆಂದು ಭಾವಿಸಿ ಅಳಿಸಿದವನು ಒಳ್ಳೆಯ ಸಾಕ್ಷಿಯನ್ನು ಕೊಂದಂತಾಗುತ್ತದೆ. ಓದಲಾಗದ ಶಾಸನವೆಲ್ಲ ಸವೆದ ಶಾಸನವಲ್ಲ. ಕೆಲವೊಮ್ಮೆ ಲಿಪಿ ನಮಗೆ ತಿಳಿದಿರುವುದಿಲ್ಲ.

ಮತ್ತೊಂದು ಹಳೆಯ ದೋಷವನ್ನು ಇಲ್ಲಿಯೇ ಹೇಳಬಹುದು. ಅಮೆರಿಕದ ಬಾಹ್ಯಾಕಾಶ ಸಂಸ್ಥೆಗಾಗಿ 1960ರ ದಶಕದಲ್ಲಿ ರಚಿತವಾದ ನ್ಯಾಸ್ಟ್ರಾನ್ ತಂತ್ರಾಂಶ ಹುಟ್ಟಿದ್ದು ರಂಧ್ರಪತ್ರಗಳ ಕಾಲದಲ್ಲಿ. ಒಂದು ಪತ್ರಕ್ಕೆ 80 ಅಂಕಣಗಳು; ಎಂಟೆಂಟು ಅಂಕಣಗಳಿಗೆ ಒಂದು ಮನೆ. ಪತ್ರಗಳು ಮರೆಯಾದರೂ ಆ ಮನೆಗಳ ಕ್ರಮ ಉಳಿದುಬಂದಿತು. ಸಂಖ್ಯೆಯೊಂದು ತನ್ನ ಮನೆಯಿಂದ ಒಂದು ಅಂಕಣ ಆಚೆಗೆ ಸರಿದರೆ ಅದರ ಕೊನೆಯ ಅಂಕಿ ಪಕ್ಕದ ಮನೆಗೆ ಸೇರುತ್ತದೆ. 1200 ಎಂಬುದು 120 ಆಗಿ, ಉಳಿದ ಸೊನ್ನೆ ಬೇರೊಂದು ಸಂಖ್ಯೆಯ ತಲೆಯ ಮೇಲೆ ಕೂರುತ್ತದೆ. ಪದಗಳ ನಡುವೆ ಎಡೆಬಿಡದ ಓಲೆಗರಿಯಲ್ಲಿ ಪದವಿಭಾಗವನ್ನು ತಪ್ಪಾಗಿ ಮಾಡಿ ಅರ್ಥವನ್ನು ಕೆಡಿಸುವ ದೋಷಕ್ಕೂ ಇದಕ್ಕೂ ತತ್ತ್ವತಃ ಭೇದವಿಲ್ಲ.

4

ಈ ಎರಡು ವರ್ಗಗಳ ದೋಷಗಳನ್ನು ಯಂತ್ರ ಬಹುಮಟ್ಟಿಗೆ ತಾನೇ ಹಿಡಿಯುತ್ತದೆ. ಇಂಥ ಸಾಲಿನಲ್ಲಿ ತಪ್ಪಿದೆ, ಇಂಥ ಅಂಗ ಸೂಚಿಸುವ ಸಂಧಿ ಎಲ್ಲಿಯೂ ಹೇಳಲ್ಪಟ್ಟಿಲ್ಲ, ಇಂಥ ಸಂಧಿಗೆ ಯಾವ ಅಂಗವೂ ಸೇರಿಲ್ಲ ಎಂದು ಅದು ದೂರುತ್ತದೆ. ದೂರನ್ನು ಓದುವುದರಲ್ಲಿಯೂ ವಿವೇಚನೆ ಬೇಕು. ಯಂತ್ರ ಹೇಳುವ ಸಾಲು ತಪ್ಪು ನಡೆದ ಸ್ಥಳವಾಗಿರಬೇಕಾದುದಿಲ್ಲ. ತಪ್ಪು ಗೋಚರವಾದ ಸ್ಥಳವಾಗಿರಬಹುದು. ಸಂಧಿಗಳ ಪಟ್ಟಿಯಲ್ಲಿ 14ನೆಯ ಸಂಧಿ ಬಿಟ್ಟುಹೋಗಿದ್ದರೆ ದೂರು ಬರುವುದು ಬಹಳ ಕೆಳಗೆ, ಆ ಸಂಧಿಯನ್ನು ಬಳಸುವ ಅಂಗದ ಸಾಲಿನಲ್ಲಿ. ಅನುಭವವಿಲ್ಲದವನು ಆ ಕೆಳಗಿನ ಸಾಲನ್ನು ಅಳಿಸುತ್ತಾನೆ. ದೂರು ನಿಲ್ಲುತ್ತದೆ, ಲೆಕ್ಕ ಮುಗಿಯುತ್ತದೆ; ಕಟ್ಟಡದಿಂದ ಒಂದು ಕೋಲು ಕಾಣೆಯಾಗಿರುತ್ತದೆ.

ಈಗಿನ ಪದ್ಧತಿಯ ಮೇಲೆ ನಮ್ಮ ಮೊದಲ ಆಕ್ಷೇಪ ಇದು. ಕೆಟ್ಟ ಫೈಲನ್ನು ಸರಿಪಡಿಸುವುದೆಂದರೆ ಯಂತ್ರದ ದೂರನ್ನು ನಿಲ್ಲಿಸುವುದು ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಗ್ರಂಥಸಂಪಾದನೆಯಲ್ಲಿ ಇದಕ್ಕೆ ಸಮಾನವಾದ ಅಪರಾಧವೆಂದರೆ ಅರ್ಥವಾಗದ ಪದ್ಯವನ್ನು ಪ್ರಕ್ಷಿಪ್ತವೆಂದು ಕಿತ್ತುಹಾಕುವುದು. ಹಾಗೆ ಮಾಡಿದ ಕಾವ್ಯ ಸುಲಲಿತವಾಗಿ ಓದಿಸಿಕೊಳ್ಳುತ್ತದೆ, ನಿಜ. ಆದರೆ ಸುಲಲಿತವಾದ ಪಾಠವೇ ಮೂಲಪಾಠವೆಂದು ಯಾವ ಸಂಪಾದಕನೂ ಹೇಳುವುದಿಲ್ಲ. ಕ್ಲಿಷ್ಟಪಾಠವೇ ಹಲವು ಸಲ ಮೂಲಕ್ಕೆ ಹತ್ತಿರವೆಂಬುದು ಆ ಶಾಸ್ತ್ರದ ಪ್ರಸಿದ್ಧ ನಿಯಮ.

ಎರಡನೆಯ ಆಕ್ಷೇಪ ತಿದ್ದುವ ರೀತಿಯನ್ನು ಕುರಿತದ್ದು. ಶಾಸನಗಳನ್ನು ಪ್ರಕಟಿಸುವವರು ಸವೆದ ಅಕ್ಷರಗಳನ್ನು ಚುಕ್ಕೆಗಳಿಂದ ತೋರಿಸುತ್ತಾರೆ. ಊಹಿಸಿ ತುಂಬಿದ್ದನ್ನು ಕಂಸದೊಳಗೆ ಇಡುತ್ತಾರೆ. ತಿದ್ದಿದ್ದರೆ ಕಲ್ಲಿನ ಮೇಲಿದ್ದುದನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾರೆ. ಸಾಗರ, ಸೊರಬ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1904ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ 8ನೆಯ ಸಂಪುಟವಾಗಿ ಹೊರತಂದರು. ಅದರ ಪಾಠಗಳಲ್ಲಿ ಮುಂದಿನವರು ತಿದ್ದಬೇಕಾದ ಸ್ಥಳಗಳು ಇರುವುದು ಸಹಜ. ಆದರೆ ಕಲ್ಲು ಯಾವ ಊರಿನಲ್ಲಿ ಎಲ್ಲಿದೆಯೆಂದು ಹೇಳಿ ಅದಕ್ಕೊಂದು ಸಂಖ್ಯೆ ಕೊಟ್ಟಿರುವುದರಿಂದ ಮತ್ತೊಬ್ಬ ವಿದ್ವಾಂಸನು ಅಲ್ಲಿಗೇ ಹೋಗಿ ಪಾಠವನ್ನು ಪರೀಕ್ಷಿಸಬಹುದು. ತಪ್ಪಿಲ್ಲದಿರುವುದಕ್ಕಿಂತ ತಪ್ಪನ್ನು ಪರೀಕ್ಷಿಸಲು ಎಡೆಯಿರುವುದೇ ವಿದ್ವತ್ತಿನ ಲಕ್ಷಣ.

ಇನ್‌ಪುಟ್ ಫೈಲನ್ನು ತಿದ್ದುವವರು ಈ ಶಿಸ್ತನ್ನು ಪಾಲಿಸುವುದು ವಿರಳ. ಕೆಟ್ಟ ಫೈಲಿನ ಮೇಲೆಯೇ ತಿದ್ದಿದ್ದನ್ನು ಉಳಿಸುತ್ತಾರೆ. ಮೂಲ ಆ ಕ್ಷಣವೇ ನಾಶವಾಗುತ್ತದೆ. ಮಾಡಬೇಕಾದ ಕ್ರಮ ಕಷ್ಟದ್ದೇನೂ ಅಲ್ಲ. ಕೆಟ್ಟ ಫೈಲನ್ನು ಮುಟ್ಟದೆ ಅದರ ನಕಲನ್ನು ತೆಗೆದುಕೊಳ್ಳಬೇಕು. ನಕಲಿನ ಅರ್ಧ ಭಾಗವನ್ನು ತಾತ್ಕಾಲಿಕವಾಗಿ ಟಿಪ್ಪಣಿಯಾಗಿ ಮಾರ್ಪಡಿಸಿ ದೂರು ಉಳಿಯುತ್ತದೆಯೇ ಎಂದು ನೋಡಬೇಕು. ಉಳಿದರೆ ತಪ್ಪು ಇನ್ನರ್ಧದಲ್ಲಿದೆ. ಹೀಗೆ ಅರ್ಧರ್ಧ ಮಾಡುತ್ತ ಹೋದರೆ ಸಾವಿರ ಸಾಲುಗಳ ಫೈಲಿನಲ್ಲಿಯೂ ಹತ್ತು ಸಲದೊಳಗೆ ತಪ್ಪಿನ ಸಾಲು ದೊರೆಯುತ್ತದೆ. ಒಂದು ಭಾಗ ಇನ್ನೊಂದನ್ನು ಅವಲಂಬಿಸಿರುವಲ್ಲಿ ಮಾತ್ರ, ಸಂಧಿಗಳನ್ನು ಮರೆಸಿದರೆ ಅಂಗಗಳೆಲ್ಲ ದೂರು ಹೇಳುವುದರಿಂದ, ಬೇರೆ ಎಚ್ಚರಿಕೆ ಬೇಕು. ತಪ್ಪು ದೊರೆತ ಮೇಲೆ ಅದನ್ನು ತಿದ್ದಿ, ಪಕ್ಕದಲ್ಲಿ ಹಳೆಯ ಸಾಲನ್ನೂ ತಿದ್ದಿದವರ ಹೆಸರನ್ನೂ ದಿನಾಂಕವನ್ನೂ ಕಾರಣವನ್ನೂ ನಕ್ಷತ್ರಚಿಹ್ನೆಯ ಟಿಪ್ಪಣಿಯಾಗಿ ಇಡಬೇಕು. ಯಂತ್ರ ಆ ಟಿಪ್ಪಣಿಯನ್ನು ಓದದು. ಮುಂದೆ ಬರುವ ಮನುಷ್ಯನು ಓದುತ್ತಾನೆ.

ರಂಗಭೂಮಿಯ ಒಂದು ಹೋಲಿಕೆಯಿಂದ ಈ ಭೇದ ಇನ್ನಷ್ಟು ಸ್ಪಷ್ಟವಾಗಬಹುದು. ಹೆಗ್ಗೋಡಿನ ಶಿವರಾಮ ಕಾರಂತ ರಂಗಮಂದಿರದಲ್ಲಾಗಲಿ ಬೇರೆಡೆಯಲ್ಲಾಗಲಿ ನಟನೊಬ್ಬನು ಮಾತು ಮರೆತರೆ ಎದುರಿನ ನಟನು ಪ್ರೇಕ್ಷಕರಿಗೆ ತಿಳಿಯದಂತೆ ಅದನ್ನು ಸಾಗಿಸಿಕೊಂಡು ಹೋಗುವುದು ಕಲೆಯ ಗುಣ. ಗೋಚರವಾಗದಂತೆ ಮುಚ್ಚುವುದರಲ್ಲಿಯೇ ಅವನ ಕೌಶಲವಿದೆ. ಲೆಕ್ಕದ ಪಾಠದಲ್ಲಿ ಇದೇ ಗುಣ ದೋಷವಾಗುತ್ತದೆ. ಅಲ್ಲಿ ಮುಚ್ಚಿದ ತಪ್ಪಿನ ಕೆಳಗೆ ಜನ ಕುಳಿತುಕೊಳ್ಳುತ್ತಾರೆ.

5

ಈಗ ಮೂರನೆಯ ವರ್ಗಕ್ಕೆ ಬರೋಣ. ಹೆಗ್ಗೋಡಿನಂತಹ ಊರಿನಲ್ಲಿ ಒಂದು ಸಭಾಗೃಹಕ್ಕೆ ಉಕ್ಕಿನ ಟ್ರಸ್‌ಗಳ ಮೇಲೆ ಮಂಗಳೂರು ಹಂಚಿನ ಮಾಡು ಹಾಕಬೇಕಾಗಿದೆಯೆಂದು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಇಳಿಜಾರಿನ ವಿಸ್ತೀರ್ಣ 300 ಚದರ ಮೀಟರು. ಹಂಚು, ರೀಪುಗಳ ತೂಕ ಚದರ ಮೀಟರಿಗೆ 65 ಕಿಲೋಗ್ರಾಂ ಎಂದಿಟ್ಟುಕೊಂಡರೆ ಒಟ್ಟು ತೂಕ 19,500 ಕಿಲೋಗ್ರಾಂ, ಎಂದರೆ ಸುಮಾರು 191 ಕಿಲೋನ್ಯೂಟನ್. ಲೆಕ್ಕಿಗನು ಏಕಮಾನವನ್ನು ಕಿಲೋನ್ಯೂಟನ್ ಎಂದು ಘೋಷಿಸಿ, ಭಾರವನ್ನು 0.65 ಎಂದು ಬರೆಯುವ ಬದಲು ದಶಮಾಂಶದ ಸ್ಥಾನ ತಪ್ಪಿ 0.065 ಎಂದು ಬರೆದನೆನ್ನೋಣ. ಯಂತ್ರ ದೂರುವುದೇ? ಇಲ್ಲ. 0.065 ಎಂಬುದು ನಿರ್ದುಷ್ಟವಾದ ಸಂಖ್ಯೆ. ಫೈಲಿನ ವ್ಯಾಕರಣ ಸರಿಯಾಗಿದೆ. ಲೆಕ್ಕ ಮುಗಿಯುತ್ತದೆ, ಹಂಚಿನ ಭಾರ ಹತ್ತರಲ್ಲಿ ಒಂದು ಪಾಲಿನಷ್ಟೇ ಎಂದು ತಿಳಿದು ಅಂಗಗಳು ಸಣ್ಣವಾಗಿ ಆರಿಸಲ್ಪಡುತ್ತವೆ.

ಇಂತಹ ಸಂದರ್ಭಕ್ಕಾಗಿ ಎಂಜಿನಿಯರುಗಳು ಬಳಸುವ ಒಂದು ಪ್ರಸಿದ್ಧ ಪರೀಕ್ಷೆಯುಂಟು: ಹಾಕಿದ ಭಾರಗಳ ಮೊತ್ತವೂ ಆಧಾರಗಳ ಪ್ರತಿಕ್ರಿಯಾಬಲಗಳ ಮೊತ್ತವೂ ಸಮವಾಗಿರಬೇಕು. ಪರೀಕ್ಷೆ ಒಳ್ಳೆಯದೇ. ಆದರೆ ಮೇಲಿನ ಫೈಲು ಈ ಪರೀಕ್ಷೆಯಲ್ಲಿಯೂ ಗೆಲ್ಲುತ್ತದೆ! 19.5 ಕಿಲೋನ್ಯೂಟನ್ ಹಾಕಿದ್ದಕ್ಕೆ 19.5 ಕಿಲೋನ್ಯೂಟನ್ ಪ್ರತಿಕ್ರಿಯೆ ಬಂದಿರುತ್ತದೆ. ಫೈಲು ತನ್ನೊಂದಿಗೆ ತಾನು ಸುಸಂಗತವಾಗಿದೆ, ಲೋಕದೊಂದಿಗೆ ಸುಸಂಗತವಾಗಿಲ್ಲ. ತಪ್ಪನ್ನು ಹಿಡಿಯಬಲ್ಲವನು ಫೈಲಿನ ಹೊರಗೆ ನಿಂತು, ವಿಸ್ತೀರ್ಣವನ್ನು ತೂಕದಿಂದ ಗುಣಿಸಿ, ಈ ಮಾಡಿನ ಹಂಚೇ ಇಪ್ಪತ್ತು ಟನ್ನಿನ ಸಮೀಪ ತೂಗಬೇಕಲ್ಲ ಎಂದು ಕೇಳುವವನು ಮಾತ್ರ. ಊರಿನ ಬಡಗಿಗೆ ಎಷ್ಟು ಸಾವಿರ ಹಂಚು ಬೇಕೆಂದು ಗೊತ್ತಿರುತ್ತದೆ. ಅವನ ಸಾಕ್ಷ್ಯ ಇಲ್ಲಿ ಯಂತ್ರದ ಸಾಕ್ಷ್ಯಕ್ಕಿಂತ ಬಲವಾದದ್ದು.

ಇನ್ನೊಂದು ಉದಾಹರಣೆ. ಉಕ್ಕಿನ ಸ್ಥಿತಿಸ್ಥಾಪಕತ್ವ ಗುಣಾಂಕ ಚದರ ಮಿಲಿಮೀಟರಿಗೆ ಸುಮಾರು 2 ಲಕ್ಷ ನ್ಯೂಟನ್. ಅದನ್ನು ಕಿಲೋನ್ಯೂಟನ್ ಮತ್ತು ಮೀಟರುಗಳಲ್ಲಿ ಹೇಳಬೇಕಾದರೆ 20 ಕೋಟಿ ಎಂದಾಗುತ್ತದೆ. ಏಕಮಾನವನ್ನು ಬದಲಾಯಿಸಿ ಸಂಖ್ಯೆಯನ್ನು ಹಾಗೆಯೇ ಬಿಟ್ಟರೆ ಉಕ್ಕು ಸಾವಿರ ಪಾಲು ಮೆದುವಾಗುತ್ತದೆ. ಸರಳವಾದ ಟ್ರಸ್‌ನಲ್ಲಿ ಅಂಗಬಲಗಳು ಸಮತೋಲದಿಂದಲೇ ನಿರ್ಣಯವಾಗುವುದರಿಂದ ಅವು ಸರಿಯಾಗಿಯೇ ಬರುತ್ತವೆ. ಬಾಗು ಮಾತ್ರ ಸಾವಿರ ಪಟ್ಟು ಹೆಚ್ಚು. ಬಲಗಳ ಪಟ್ಟಿಯನ್ನಷ್ಟೇ ನೋಡಿದವನಿಗೆ ತಪ್ಪು ತಿಳಿಯುವುದಿಲ್ಲ. ಒಂದು ಸಾಕ್ಷಿ ನಿಜ ಹೇಳಿದ ಮಾತ್ರಕ್ಕೆ ಇಡೀ ದಾಖಲೆ ನಿಜವಾಗದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

6

ರೂಪದಲ್ಲಿ ಸಿಂಧುವಾಗಿದ್ದು ವಸ್ತುವಿನಲ್ಲಿ ಅಸಿಂಧುವಾದ ದಾಖಲೆ ಇತಿಹಾಸಕಾರನಿಗೆ ಚಿರಪರಿಚಿತ. ಅದನ್ನು ನಾವು ಕೂಟಶಾಸನವೆನ್ನುತ್ತೇವೆ. ಬಿದನೂರು ಸೀಮೆಯ ಗೌಜ ಅಗ್ರಹಾರದ ತಾಮ್ರಪಟಗಳು ಪರೀಕ್ಷಿತನ ಮಗನಾದ ಜನಮೇಜಯನ ದಾನವನ್ನು ಹೇಳುತ್ತವೆ. ಅವು 19ನೆಯ ಶತಮಾನದ ಆದಿಯಲ್ಲಿಯೇ ವಿದ್ವಾಂಸರ ಗಮನಕ್ಕೆ ಬಂದಿದ್ದವು. ಶಾಸನಕ್ಕೆ ಬೇಕಾದ ಅಂಗಗಳೆಲ್ಲ ಅವುಗಳಲ್ಲಿವೆ. ಆದರೆ ಅವುಗಳಲ್ಲಿ ಉಕ್ತವಾದ ಸೂರ್ಯಗ್ರಹಣವನ್ನು ಇಂಗ್ಲೆಂಡಿನ ರಾಜಖಗೋಳಜ್ಞ ಜಾರ್ಜ್ ಏರಿ ಲೆಕ್ಕ ಹಾಕಿದಾಗ ಅದು 1521ರ ಏಪ್ರಿಲ್ ತಿಂಗಳಿನದೆಂದು ತೋರಿತು. ಆ ತೇದಿಯ ಬಗೆಗೆ ಅನಂತರವೂ ಚರ್ಚೆ ನಡೆಯಿತು. ಮಹಾಭಾರತದ ಕಾಲದ್ದೆಂಬ ಹೇಳಿಕೆ ಮಾತ್ರ ಮತ್ತೆ ನಿಲ್ಲಲಿಲ್ಲ. ಇಲ್ಲಿ ನಾವು ಗಮನಿಸಬೇಕಾದುದು ಪರೀಕ್ಷೆಯ ವಿಧಾನವನ್ನು. ದಾಖಲೆಯನ್ನು ಪರೀಕ್ಷಿಸಿದ್ದು ಅದರ ಶೈಲಿಯಿಂದಲ್ಲ, ಅದರ ಸ್ವಂತ ಮಾತಿನಿಂದಲೂ ಅಲ್ಲ. ದಾಖಲೆ ಬರೆದವನ ಕೈಗೆ ಸಿಕ್ಕದ ಸಾಕ್ಷಿಯಾದ ಗ್ರಹಣದಿಂದ. ಗಂಗರ ತಾಮ್ರಪಟಗಳನ್ನು ಕುರಿತು ರೈಸ್ ಮತ್ತು ಫ್ಲೀಟ್ ಅವರ ನಡುವೆ ನಡೆದ ದೀರ್ಘ ವಾದದಲ್ಲಿಯೂ ಪ್ರಶ್ನೆ ಇದೇ ಆಗಿತ್ತು: ಸುವ್ಯವಸ್ಥಿತವಾದ ಬರಹವನ್ನು ಯಾವ ಹೊರಗಿನ ಅಳತೆಯಿಂದ ತೂಗಬೇಕು?

ಹೊರಗಿನ ಸಾಕ್ಷಿಯನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ ಕಟ್ಟಡಗಳ ಚರಿತ್ರೆಯಲ್ಲಿ ಕಹಿ ಉದಾಹರಣೆಗಳಿವೆ. ಅಮೆರಿಕದ ಹಾರ್ಟ್‌ಫರ್ಡ್ ನಗರದ ಕ್ರೀಡಾಂಗಣದ ವಿಶಾಲವಾದ ಉಕ್ಕಿನ ಚಾವಣಿ 1978ರ ಜನವರಿ 18ರ ನಸುಕಿನಲ್ಲಿ ಹಿಮದ ಭಾರಕ್ಕೆ ಕುಸಿಯಿತು. ಕೆಲವೇ ಗಂಟೆಗಳ ಹಿಂದೆ ಅದರ ಕೆಳಗೆ ಸಾವಿರಾರು ಪ್ರೇಕ್ಷಕರು ಕುಳಿತಿದ್ದರು. ಆ ಚಾವಣಿಯ ವಿನ್ಯಾಸ ಗಣಕದಿಂದ ಆಗಿತ್ತು. ಕೆಲವು ಅಂಗಗಳಿಗೆ ಇಲ್ಲದ ಆಸರೆಯನ್ನು ಆ ಲೆಕ್ಕ ಇದೆಯೆಂದು ಭಾವಿಸಿತ್ತು. ನಿರ್ಮಾಣದ ಕಾಲದಲ್ಲಿಯೇ ಚಾವಣಿ ಲೆಕ್ಕಕ್ಕಿಂತ ಎರಡರಷ್ಟು ಬಾಗಿದ್ದು ಅಳತೆಗೆ ಸಿಕ್ಕಿತ್ತು. ಆದರೂ ಲೆಕ್ಕವನ್ನು ನಂಬಿ ಅಳತೆಯನ್ನು ಬದಿಗಿಟ್ಟರು. 1991ರ ಆಗಸ್ಟ್ 23ರಂದು ನಾರ್ವೆಯ ಸ್ಲೈಪ್ನರ್ ಎಂಬ ತೈಲವೇದಿಕೆಯ ಕಾಂಕ್ರೀಟು ತಳಭಾಗ ಪರೀಕ್ಷೆಯ ಸಮಯದಲ್ಲಿ ಮುಳುಗಿತು. ಗಣಕಕ್ಕೆ ಕೊಟ್ಟ ವಿಭಾಗಜಾಲ ಒರಟಾಗಿದ್ದುದರಿಂದ ಕತ್ತರಿಬಲ ನಿಜಕ್ಕಿಂತ ಶೇಕಡ 47ರಷ್ಟು ಕಡಿಮೆಯೆಂದು ಬಂದಿತ್ತು. ಅನಂತರ ಮಾಡಿದ ಸೂಕ್ಷ್ಮವಾದ ಲೆಕ್ಕ 62 ಮೀಟರು ಆಳದಲ್ಲಿ ಗೋಡೆ ಒಡೆಯುವುದೆಂದು ತೋರಿಸಿತು. ಅದು ಒಡೆದದ್ದು 65 ಮೀಟರಿನಲ್ಲಿ. ಈ ಎರಡು ಸಂದರ್ಭಗಳಲ್ಲಿಯೂ ಯಂತ್ರ ಕೊಟ್ಟದ್ದನ್ನು ಸ್ವೀಕರಿಸಿ ಉತ್ತರ ಹೇಳಿತ್ತು. ತಿರಸ್ಕೃತವಾದ ಫೈಲು ಯಾರನ್ನೂ ಕೊಲ್ಲುವುದಿಲ್ಲ. ಭಯಪಡಬೇಕಾದುದು ಸ್ವೀಕೃತವಾದ ಫೈಲಿಗೆ.

7

ಇಷ್ಟು ಹೇಳಿದ ಮೇಲೆ ಒಂದು ಪ್ರತಿವಾದವನ್ನು ಎದುರಿಸಬೇಕು. ಗ್ರಂಥಸಂಪಾದಕನಿಗೆ ಕವಿಯನ್ನು ಕೇಳುವ ಉಪಾಯವಿಲ್ಲ, ಆದಕಾರಣ ಅವನಿಗೆ ಅಷ್ಟೊಂದು ಸಂಕೋಚ. ಎಂಜಿನಿಯರನಿಗಾದರೋ ನಕ್ಷೆಯಿದೆ, ನಿವೇಶನವಿದೆ, ಫೈಲು ಬರೆದವನೇ ಪಕ್ಕದ ಮೇಜಿನಲ್ಲಿದ್ದಾನೆ. ಸಂದೇಹ ಬಂದರೆ ಕೆಟ್ಟ ಫೈಲನ್ನು ಬಿಸುಟು ಹೊಸದನ್ನು ಬರೆಯಬಹುದು. ಅವನಿಗೆ ಈ ಪಾಂಡಿತ್ಯದ ಭಾರವೇಕೆ? ಈ ವಾದದಲ್ಲಿ ಸತ್ಯಾಂಶವಿದೆ. ಹೊಸ ಕಟ್ಟಡದ ಸಣ್ಣ ಫೈಲಿಗೆ ಇದು ಒಪ್ಪುತ್ತದೆ. ನಕ್ಷೆಯಿಂದ ಮತ್ತೆ ಬರೆಯುವುದೇ ಅಲ್ಲಿ ಅತ್ಯಂತ ಪ್ರಾಮಾಣಿಕವಾದ ದುರಸ್ತಿ ಎಂದೂ ಹೇಳಬಹುದು.

ಆದರೆ ಹಳೆಯ ಕಟ್ಟಡಗಳಿಗೆ ಇದು ಒಪ್ಪುವುದಿಲ್ಲ. ಲಿಂಗನಮಕ್ಕಿಯನ್ನೇ ತೆಗೆದುಕೊಳ್ಳೋಣ. 2021ರ ಅಣೆಕಟ್ಟು ಸುರಕ್ಷತಾ ಕಾಯಿದೆ ದೊಡ್ಡ ಅಣೆಕಟ್ಟುಗಳ ಸಮಗ್ರ ಸುರಕ್ಷತಾ ಮೌಲ್ಯಮಾಪನವನ್ನು ಕಡ್ಡಾಯಗೊಳಿಸಿದೆ. ಆ ಕಾರ್ಯದಲ್ಲಿ ಗಣಕಕ್ಕೆ ಕೊಡುವ ಪಾಠವನ್ನು ಹಳೆಯ ನಕ್ಷೆ, ಹಳೆಯ ದಾಖಲೆಗಳಿಂದ ಕಟ್ಟಬೇಕು. ಲಿಂಗನಮಕ್ಕಿಯ ಪೂರ್ಣಮಟ್ಟ 1819 ಅಡಿಯೆಂದು ಇಂದಿಗೂ ಪತ್ರಿಕೆಗಳಲ್ಲಿ ಅಡಿಗಳಲ್ಲಿಯೇ ಓದುತ್ತೇವೆ. ಮೀಟರಿನಲ್ಲಿ ಅದು ಸುಮಾರು 554.4. ಅಲ್ಲದೆ ಅದು ಸಮುದ್ರಮಟ್ಟದಿಂದ ಎಣಿಸಿದ ಎತ್ತರ, ನೀರಿನ ಆಳವಲ್ಲ. ಆಳವನ್ನು ಪಡೆಯಬೇಕಾದರೆ ತಳದ ಮಟ್ಟವನ್ನು ಕಳೆಯಬೇಕು. ಎರಡು ಮಟ್ಟಗಳೂ ಒಂದೇ ಆಧಾರದಿಂದ ಎಣಿಸಿದವೆಂಬುದು ಖಚಿತವಾಗಿರಬೇಕು. ಅಣೆಯ ಮೇಲೆ ನೀರಿನ ಒಟ್ಟು ನೂಕು ಆಳದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ ಆಳದಲ್ಲಿ ಶೇಕಡ 10ರ ತಪ್ಪು ನೂಕಿನಲ್ಲಿ ಶೇಕಡ 21ರ ತಪ್ಪಾಗುತ್ತದೆ. ಇಂತಹ ಕಟ್ಟಡಗಳ ನಕ್ಷೆ ಬರೆದ ಕಾಲದವರನ್ನು ಕೇಳುವುದು ಇನ್ನು ಸಾಧ್ಯವಿಲ್ಲ. ಇಲ್ಲಿ ಎಂಜಿನಿಯರನು ಗ್ರಂಥಸಂಪಾದಕನ ಸ್ಥಿತಿಯಲ್ಲಿಯೇ ಇದ್ದಾನೆ.

ಈ ವಿಷಯ ಕೇವಲ ಅವನ ಕಷ್ಟವಾಗಿ ಉಳಿಯುವುದಿಲ್ಲ. ಇಂದು ನಾವು ಕಟ್ಟುವ ಸೇತುವೆ, ಶಾಲೆ, ರಂಗಮಂದಿರಗಳನ್ನು ಅರವತ್ತು ವರ್ಷಗಳ ಮೇಲೆ ಯಾರಾದರೂ ಪರೀಕ್ಷಿಸಬೇಕಾಗುತ್ತದೆ. ಅವರ ಕೈಗೆ ಸಿಗುವ ಮೂಲದಾಖಲೆ ಇಂದಿನ ಇನ್‌ಪುಟ್ ಫೈಲು. ಯಂತ್ರಕ್ಕೆ ಮಾತ್ರ ತಿಳಿಯುವ ರೂಪದಲ್ಲಿ ಅದನ್ನು ಬಿಟ್ಟುಹೋದರೆ, ಆ ಯಂತ್ರವೇ ಇಲ್ಲದ ಕಾಲದಲ್ಲಿ ಅದು ಲಿಪಿ ಮರೆತ ಶಾಸನವಾಗುತ್ತದೆ. ಗುಟ್ಟಾಗಿ ತಿದ್ದಿದ ಪಾಠವನ್ನು ಬಿಟ್ಟುಹೋದರೆ ಪರಿಣಾಮ ಇನ್ನೂ ಕೆಟ್ಟದ್ದು. ಅದು ತಿಳಿಯದೆ ಮಾಡಿದ ಕೂಟಶಾಸನ.

ಆದುದರಿಂದ ತಾಂತ್ರಿಕ ಕಾಲೇಜುಗಳ ಅಧ್ಯಾಪಕರ ಮುಂದೆ ಮೂರು ಸಲಹೆಗಳನ್ನು ಇಡಬಹುದೆಂದು ತೋರುತ್ತದೆ. ಮೊದಲನೆಯದು, ಪ್ರತಿಯೊಂದು ಲೆಕ್ಕದೊಡನೆ ಸಾದಾ ಬರಹದ ಒಂದು ಪ್ರತಿಯನ್ನೂ ಅದರ ಮುದ್ರಿತ ರೂಪವನ್ನೂ ಕಾಪಾಡುವುದು. ಎರಡನೆಯದು, ತಿದ್ದುಪಡಿಗಳನ್ನು ಶಾಸನಸಂಪಾದಕರಂತೆ ಗೋಚರವಾಗಿ ಮಾಡುವುದು. ಮೂರನೆಯದು, ವಿದ್ಯಾರ್ಥಿಗಳಿಗೆ ಬೇಕೆಂದೇ ಕೆಡಿಸಿದ ಫೈಲುಗಳನ್ನು ಕೊಟ್ಟು ಪರೀಕ್ಷಿಸುವುದು. ಅವುಗಳಲ್ಲಿ ಕೆಲವನ್ನಾದರೂ ಯಂತ್ರ ದೂರದಂತೆ ಕೆಡಿಸಿರಬೇಕು. ದೂರು ಬಂದಾಗ ತಪ್ಪು ಹುಡುಕುವುದನ್ನು ಯಾರೂ ಕಲಿಯಬಲ್ಲರು. ದೂರು ಬಾರದಿದ್ದಾಗಲೂ ಸಂದೇಹಪಡುವುದು ಶಿಕ್ಷಣದಿಂದ ಬರಬೇಕಾದ ಗುಣ. ಇತಿಹಾಸದ ತರಗತಿಯಲ್ಲಿ ನಾವು ಕಲಿಸಲು ಯತ್ನಿಸುವುದೂ ಅದನ್ನೇ ಅಲ್ಲವೆ?